ಅಕ್ಕ ಕೊಟ್ಟದ್ದು

ಮೆತ್ತೆ ಮೇಸ್ತ್ರಿಗೆ ಮೆತ್ತನೆಯ ಆಸನದ ಮೇಲೆ ಕೂರುವುದೆಂದರೆ ಆಗದು. ಊರಿನ ಅರ್ಧಕ್ಕರ್ಧ ಸೋಫಾಗಳ ಹೊಟ್ಟೆ ಬಿಚ್ಚಿ ಹೊಲಿದ ಮನುಷ್ಯ ತಾನು ಮಾತ್ರ ಒಂದು ಮರದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದ. ಊಟವೂ ಅದರ ಮೇಲೆಯೇ, ಮಧ್ಯಾಹ್ನದ ತೂಕಡಿಕೆಯೂ ಅದರ ಮೇಲೆಯೇ. ಗಿರಾಕಿಗಳ ಮನೆಗೆ ಹೋದಾಗ ಯಾರಾದರೂ ಸೋಫಾ ತೋರಿಸಿ ಕೂರಿ ಎಂದರೆ, ಬಗ್ಗಿ ಅದರ ಅಡಿಗೆ ಕೈ ತೂರಿಸಿ ಸ್ಪ್ರಿಂಗು ತಡಕುತ್ತಿದ್ದನೇ ಹೊರತು ಕೂರುತ್ತಿರಲಿಲ್ಲ. ಕೆಲಸ ಕಲಿಸಿದ ಗುರು ಹೇಳಿದ್ದನಂತೆ, ಆಸನ ಮಾಡಿದವನು ಅದರ ಒಡೆಯನಿಗಿಂತ ಮೊದಲು ಕೂರಬಾರದು ಎಂದು. ಗುರು ಸತ್ತು ಎಷ್ಟೋ ಕಾಲವಾಗಿತ್ತು. ಒಡೆಯ ಕೂತಾದ ಮೇಲಾದರೂ ಕೂರಬಹುದಲ್ಲ ಎಂದು ಯಾರಾದರೂ ಕೇಳಿದರೆ ಮೇಸ್ತ್ರಿ ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಎತ್ತಿಕೊಳ್ಳುತ್ತಿದ್ದ.

ಪುಕ್ಕಟೆ ಏನನ್ನೂ ತೆಗೆದುಕೊಳ್ಳುವ ಜಾಯಮಾನವೂ ಅವನದಲ್ಲ. ಸೋಫಾದ ಸಂದುಗೊಂದುಗಳಲ್ಲಿ ಸಿಗುವ ಹೇರ್‌ಪಿನ್ನು, ಪೆನ್ನಿನ ಮುಚ್ಚಳ, ಒಂಟಿ ಓಲೆ, ಮಕ್ಕಳು ಕಚ್ಚಿ ಬಿಟ್ಟ ಬಿಸ್ಕತ್ತಿನ ಚೂರು, ಎಲ್ಲವನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ ಸೋಫಾದ ಜೊತೆ ವಾಪಸು ಕಳಿಸುತ್ತಿದ್ದ. ಬಿಸ್ಕತ್ತಿನ ಚೂರು ಯಾಕಯ್ಯಾ ಎಂದು ಒಬ್ಬಾಕೆ ಕೇಳಿದ್ದಕ್ಕೆ, "ನಿಮ್ಮದಲ್ವಾ ಅಮ್ಮಾ" ಎಂದಿದ್ದ. ಪಕ್ಕದ ಅಂಗಡಿಯ ವಾಚು ರಿಪೇರಿಯವನು ಒಂದು ಲೋಟ ಚಹಾ ಕೊಡಿಸಿದರೆ ಮರುದಿನ ಎರಡು ಲೋಟ ತರಿಸಿ ಅವನ ಮುಂದಿಟ್ಟರೇ ಇವನಿಗೆ ಸಮಾಧಾನ. ಇಂಥವರ ಸ್ನೇಹ ಮಾಡುವುದು ಸುಲಭವಲ್ಲ. ವಾಚಿನವನು ಚಹಾ ಕೊಡಿಸುವುದನ್ನೇ ಬಿಟ್ಟುಬಿಟ್ಟ.

ಹಾಗಾದರೆ ಅವನು ಮಾಡಿದ ಕುರ್ಚಿ ಸೋಫಾಗಳು ಕೂರಲು ಹೇಗಿವೆ ಎಂದು ನೋಡುತ್ತಿದ್ದವರು ಯಾರು? ಅಕ್ಕ. ಅಂಗಡಿಯ ಕಿಟಕಿಯ ಪಕ್ಕದಲ್ಲಿ ಅವಳ ಹೊಲಿಗೆ ಯಂತ್ರವಿತ್ತು. ತಮ್ಮ ತುಂಬುತ್ತಿದ್ದ, ಅಕ್ಕ ಹೊದಿಕೆ ಹೊಲಿಯುತ್ತಿದ್ದಳು. ಬಟ್ಟೆ ಆರಿಸುವವಳೂ ಅವಳೇ. ಕೆಲಸ ಮುಗಿದ ಮೇಲೆ ಕತ್ತರಿ ಕೆಳಗಿಟ್ಟು, ಸೆರಗು ಕೊಡವಿಕೊಂಡು ಬಂದು ಹೊಸ ಸೋಫಾದ ಮೇಲೆ ದೊಪ್ಪನೆ ಕೂರುತ್ತಿದ್ದಳು. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಕಾಲು ಚಾಚಿ, ಒರಗಿ, ಕೊನೆಗೆ ತೀರ್ಪು ಕೊಡುತ್ತಿದ್ದಳು.

"ಗಟ್ಟಿ ಆಯ್ತು ಕಣೋ. ಇದರ ಮೇಲೆ ಕೂತ ನೆಂಟರು ಕಾಫಿ ಕುಡಿಯೋಕೂ ನಿಲ್ಲಲ್ಲ, ಎದ್ದು ಹೋಗ್ತಾರೆ."

"ಬಾಳಿಕೆ ಬರುತ್ತೆ."

"ಬಾಳಿಕೆ ಬರೋಕೆ ಇದೇನು ಸೇತುವೆನಾ? ಬಿಚ್ಚು."

ಅವನು ಬಿಚ್ಚುತ್ತಿದ್ದ. ತಾಯಿ ಹೋದಾಗ ಅವನಿನ್ನೂ ಕೈಕೂಸು. ಎತ್ತಿ ಆಡಿಸಿದವಳು, ಮೂಗು ಒರೆಸಿದವಳು, ಶಾಲೆಗೆ ಎಳೆದುಕೊಂಡು ಹೋದವಳು ಅಕ್ಕ. ಮದುವೆಯಾಗಿ ಎರಡು ಬೀದಿ ಆಚೆ ಹೋದ ಮೇಲೂ ಅವಳ ಯಜಮಾನಿಕೆ ಕಡಿಮೆಯಾಗಲಿಲ್ಲ. ಅವಳಿಗೆ ಮಕ್ಕಳಾಗಲಿಲ್ಲ, ಇವನು ಮದುವೆಯಾಗಲಿಲ್ಲ. ಭಾವ ಚರ್ಚಿನಲ್ಲಿ ಕೆಲಸಕ್ಕಿದ್ದ. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಬೆಂಚು ಒರೆಸುವುದು, ಕೊಳಾಯಿ ಸೋರಿದರೆ ಬಟ್ಟೆ ಸುತ್ತುವುದು, ಎಲ್ಲವೂ ಅವನದೇ. ಸೊಂಟದ ಬೀಗದ ಕೈ ಗೊಂಚಲಿನ ಸದ್ದು ಕೇಳಿ ಅಕ್ಕ ಒಲೆಯ ಮೇಲೆ ನೀರಿಡುತ್ತಿದ್ದಳು. ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಒಬ್ಬರು ಮಾತಾಡಿದರೆ ಸಾಕು ಎಂಬುದು ಅವನ ಧೋರಣೆ, ಆ ಒಬ್ಬರು ಯಾರೆಂಬುದು ಮದುವೆಯ ವಾರದಲ್ಲೇ ತೀರ್ಮಾನವಾಗಿತ್ತು.

ಮೇಸ್ತ್ರಿಯ ಮೂತ್ರಪಿಂಡಗಳು ಎರಡೂ ಕೈಕೊಟ್ಟಿದ್ದು ಅವನಿಗೆ ನಲವತ್ತು ದಾಟಿದ ಮೇಲೆ. ಕೆಲಕಾಲ ಆಸ್ಪತ್ರೆಯ ಯಂತ್ರಕ್ಕೆ ಮೈ ಒಡ್ಡಿ ರಕ್ತ ಶುದ್ಧಿ ಮಾಡಿಸಿಕೊಂಡ. ಯಂತ್ರದಿಂದ ಎದ್ದು ಬಂದ ದಿನ ಅವನ ಮುಖ ಹಿಂಡಿ ಒಣಗಿಸಿದ ಬಟ್ಟೆಯ ಹಾಗಿರುತ್ತಿತ್ತು. ಅಕ್ಕ ನೋಡುವಷ್ಟು ದಿನ ನೋಡಿದಳು. ಒಂದು ದಿನ ಯಾರಿಗೂ ಹೇಳದೆ ಹೋಗಿ ತನ್ನ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಳು. ಹೊಂದುತ್ತದೆ ಎಂದರು ಡಾಕ್ಟರು.

"ಬೇಡ ಅಕ್ಕಾ," ಎಂದ ಅವನು.

"ಎರಡಿದೆ, ಒಂದು ಸಾಕಂತೆ. ಮನೇಲಿ ಎರಡು ಸೌಟು ಇದ್ದು ಪಕ್ಕದ ಮನೇಲಿ ಒಂದೂ ಇಲ್ಲ ಅಂದ್ರೆ ಕೊಡಲ್ವಾ?"

"ಇದು ಸೌಟಲ್ಲ."

"ಸೌಟಾಗಿದ್ರೆ ನೀನು ಮರುದಿನ ಎರಡು ಸೌಟು ವಾಪಸು ತಂದುಕೊಡ್ತಿದ್ದೆ. ಇದನ್ನ ಹಾಗೆ ತರೋಕಾಗಲ್ಲ ಅಂತ ತಾನೇ ನಿನಗೆ ಸಂಕಟ?"

ಅದೇ ಅವನ ಸಂಕಟವಾಗಿತ್ತು. ಆದರೂ ಅವಳ ಹಟದ ಮುಂದೆ ಅವನದು ನಡೆಯಲಿಲ್ಲ. ಡಾಕ್ಟರು ಅಕ್ಕನ ಬೆನ್ನ ಕಡೆಯಿಂದ ತೆಗೆದದ್ದನ್ನು ತಮ್ಮನ ಹೊಟ್ಟೆಯ ಕೆಳಭಾಗದಲ್ಲಿ, ಬಲಮಗ್ಗುಲಿಗೆ, ಚರ್ಮದಿಂದ ಸ್ವಲ್ಪವೇ ಒಳಗೆ ಇಟ್ಟು ಹೊಲಿದರು. ಎಚ್ಚರವಾದ ಮೇಲೆ ಮೇಸ್ತ್ರಿ ಮೊದಲು ನೋಡಿದ್ದು ಹೊಲಿಗೆಯನ್ನು. ಅಕ್ಕನಷ್ಟು ಚೊಕ್ಕ ಇಲ್ಲ ಎಂದುಕೊಂಡ. ಜೀವಮಾನವಿಡೀ ಬೆಳಿಗ್ಗೆ ಸಂಜೆ ಮಾತ್ರೆ ತಪ್ಪಿಸಕೂಡದು, ತಪ್ಪಿಸಿದರೆ ಮೈ ಅದನ್ನು ಪರಕೀಯ ಎಂದು ಹೊಡೆದು ಹಾಕುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಅಕ್ಕ ಬೇಗ ಚೇತರಿಸಿಕೊಂಡಳು. ತಮ್ಮನೂ ಚೇತರಿಸಿಕೊಂಡ, ಆದರೆ ಸುಮ್ಮನಿರಲಿಲ್ಲ. ಅಕ್ಕನ ಮನೆಯ ಮಂಚಕ್ಕೆ ಹೊಸ ಹಾಸಿಗೆ ತುಂಬಿದ. ಕುರ್ಚಿಗಳಿಗೆಲ್ಲ ಮೆತ್ತೆ ಕಟ್ಟಿದ. ಹೊಲಿಗೆ ಯಂತ್ರದ ಪೀಠಕ್ಕೆ, ಅಡುಗೆಮನೆಯ ಮಣೆಗೆ, ಕೊನೆಗೆ ಭಾವ ಬೂಟು ಹಾಕಿಕೊಳ್ಳಲು ಕೂರುವ ಪೆಟ್ಟಿಗೆಗೂ ಮೆತ್ತೆ ಬಂತು.

"ಮನೇಲಿ ಗಟ್ಟಿಯಾಗಿರೋ ಜಾಗ ಅಂದ್ರೆ ಈಗ ನೆಲ ಒಂದೇ," ಎಂದ ಭಾವ. ಅದು ಅವನ ಮಟ್ಟಿಗೆ ಆ ತಿಂಗಳ ದೊಡ್ಡ ಭಾಷಣ.

"ನೆಲಕ್ಕೂ ಹಾಕ್ತಾನೆ, ಸುಮ್ನಿರಿ," ಎಂದಳು ಅಕ್ಕ. ಆಮೇಲೆ ತಮ್ಮನ ಕಡೆ ತಿರುಗಿ, "ನಾನು ಕೊಟ್ಟಿದ್ದು ನನ್ನ ತಮ್ಮಂಗೆ. ಗಿರಾಕಿಗಲ್ಲ. ಇನ್ನೊಂದು ಮೆತ್ತೆ ಈ ಮನೆಯೊಳಗೆ ತಂದ್ರೆ ನೋಡು," ಎಂದಳು.

ಭಾನುವಾರಗಳಂದು ಅಕ್ಕ ತಮ್ಮ ಒಟ್ಟಿಗೆ ಚರ್ಚಿಗೆ ಹೋಗುತ್ತಿದ್ದರು. ಪ್ರಭು ಭೋಜನದ ದಿನ ಜನ ಸಾಲಾಗಿ ಮುಂದೆ ಹೋಗಿ, ಬಲಿಪೀಠದ ಮುಂದಿನ ಮರದ ಕಟಕಟೆಯ ಬಳಿ ಮಂಡಿಯೂರಿ, ಅಂಗೈ ಚಾಚುತ್ತಾರೆ. ಪಾದ್ರಿ ಅಯ್ಯನವರು ಒಬ್ಬೊಬ್ಬರ ಕೈಯಲ್ಲೂ ರೊಟ್ಟಿಯ ಒಂದು ತುಣುಕು ಇಡುತ್ತಾ, ಇದು ನಿನಗೋಸ್ಕರ ಕೊಟ್ಟ ಪ್ರಭುವಿನ ದೇಹ ಎಂಬರ್ಥದ ಮಾತು ಹೇಳುತ್ತಾರೆ. ಚಿಕ್ಕಂದಿನಿಂದ ಕೇಳಿ ಕೇಳಿ ಮೇಸ್ತ್ರಿಗೆ ಅದು ಗಂಟೆಯ ಸದ್ದಿನಷ್ಟೇ ಮಾಮೂಲಾಗಿತ್ತು. ಆಪರೇಷನ್ ಆದ ಮೇಲಿನ ಮೊದಲ ಭೋಜನದ ದಿನ ಆ ಮಾತು ಕಿವಿಗೆ ಬಿದ್ದಾಗ ಮಾತ್ರ ಅವನು ಚಾಚಿದ ಅಂಗೈ ಮಡಚಿಕೊಂಡ. ಪಕ್ಕದಲ್ಲಿ ಮಂಡಿಯೂರಿದ್ದ ಅಕ್ಕ ಕಣ್ಣು ಮುಚ್ಚಿಕೊಂಡೇ ಮೊಣಕೈಯಿಂದ ತಿವಿದು, "ತಗೋ," ಎಂದು ಪಿಸುಗುಟ್ಟಿದಳು. ತೆಗೆದುಕೊಂಡ. ಅವಳಿದ್ದಷ್ಟು ದಿನ ಹಾಗೆ ನಡೆಯಿತು.

ಹೋದ ವರ್ಷದ ಚಳಿಯಲ್ಲಿ ಅಕ್ಕನಿಗೆ ಜ್ವರ ಬಂತು. ಕೆಮ್ಮು ಎದೆಗಿಳಿಯಿತು. ವಾರದೊಳಗೆ ಎಲ್ಲ ಮುಗಿಯಿತು. ಎರಡು ಮೂತ್ರಪಿಂಡವಿದ್ದಿದ್ದರೂ ಇಷ್ಟೇ ಆಗುತ್ತಿತ್ತು, ಇದು ಶ್ವಾಸಕೋಶದ ವಿಷಯ ಎಂದು ಡಾಕ್ಟರು ಮೇಸ್ತ್ರಿಯ ಭುಜ ಹಿಡಿದು ಹೇಳಿದರು. ಮೇಸ್ತ್ರಿ ತಲೆಯಾಡಿಸಿದ. ನಂಬಲಿಲ್ಲ. ಒಂದು ಕಾಲು ಕಿತ್ತ ಕುರ್ಚಿ ಮುಗ್ಗರಿಸಿದರೆ ಅದು ನೆಲದ ತಪ್ಪು ಎಂದಂತಾಯಿತು ಇದು ಎಂಬುದು ಅವನ ವಾದ. ಆ ವಾದವನ್ನು ಅವನು ಯಾರ ಮುಂದೆಯೂ ಮಂಡಿಸಲಿಲ್ಲ, ಹಾಗಾಗಿ ಯಾರೂ ಅದನ್ನು ತಳ್ಳಿಹಾಕಲಿಲ್ಲ.

ಸಮಾಧಿಯ ದಿನ ಅಯ್ಯನವರು ಪ್ರಸಂಗದಲ್ಲಿ ತ್ಯಾಗದ ಬಗ್ಗೆ ಮಾತಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು, ಅದರಲ್ಲಿ ಎರಡು ಮಾತಿಲ್ಲ. ಈ ತಾಯಿ ತನ್ನ ದೇಹದ ಭಾಗವನ್ನೇ ಕೊಟ್ಟಳು, ಅದಕ್ಕೆ ಜೀವಂತ ಸಾಕ್ಷಿ ಇಲ್ಲೇ ನಮ್ಮ ನಡುವೆ ಕೂತಿದ್ದಾನೆ ಎಂದರು. ಚರ್ಚಿಗೆ ಚರ್ಚೇ ತಿರುಗಿ ನೋಡಿತು. ಆ ನೋಟಗಳಲ್ಲಿ ಮರುಕವಿತ್ತು, ಅಕ್ಕರೆಯಿತ್ತು. ಮೇಸ್ತ್ರಿಗೆ ಕಂಡದ್ದೇ ಬೇರೆ. ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ. ಮಣ್ಣು ಹಾಕುವಾಗ ಭಾವ ಅವನ ಕಡೆ ಒಮ್ಮೆಯೂ ನೋಡಲಿಲ್ಲ. ಅದೊಂದು ಸಾಕಾಯಿತು. ಭಾವ ತನ್ನನ್ನು ಕ್ಷಮಿಸಿಲ್ಲ ಎಂದು ತೀರ್ಮಾನಿಸಿಬಿಟ್ಟ. ಅಂದಿನಿಂದ ಭಾವ ಅಂಗಡಿಯ ಕಡೆ ಬರಲಿಲ್ಲ, ಇವನು ಆ ಮನೆಯ ಕಡೆ ಹೋಗಲಿಲ್ಲ.

ಹೊಲಿಗೆ ಯಂತ್ರಕ್ಕೆ ಹಳೆಯ ಹೊದಿಕೆ ಹೊದಿಸಿ, ತಾನೇ ಕೈಯಲ್ಲಿ ಹೊಲಿಯತೊಡಗಿದ. ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಕೊನೆಯ ಬೆಂಚು ಹಿಡಿದ. ಜನ ಭೋಜನಕ್ಕೆಂದು ಎದ್ದರೆ ಇವನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ನಡೆಯುತ್ತಿದ್ದ. ದೇಹ ಕೊಟ್ಟವರ ಲೆಕ್ಕಕ್ಕೆ ಒಬ್ಬಳು ಸಾಲದೇ, ಇನ್ನೊಬ್ಬನದನ್ನೂ ತಿನ್ನಬೇಕೇ ಎನಿಸುತ್ತಿತ್ತು ಅವನಿಗೆ. ಸಂಜೆಯ ಮಾತ್ರೆಯೂ ಆಗಾಗ ತಪ್ಪತೊಡಗಿತು. ಸಾಯಬೇಕೆಂದೇನೂ ಅವನು ಹೊರಟಿರಲಿಲ್ಲ. ಮಾತ್ರೆ ಅಂಗೈಗೆ ಬಂದಾಗಲೆಲ್ಲ, ಇದನ್ನು ನುಂಗಿ ಯಾರ ವಸ್ತುವನ್ನು ನನ್ನದು ಮಾಡಿಕೊಳ್ಳುತ್ತಿದ್ದೇನೆ ಎಂಬ ಯೋಚನೆ ಬರುತ್ತಿತ್ತು. ಆಗ ಕೆಳಗಿಟ್ಟುಬಿಡುತ್ತಿದ್ದ. ಮೊದಲು ಆಗಾಗ ತಪ್ಪುತ್ತಿದ್ದದ್ದು ಆಮೇಲೆ ರೂಢಿಯಾಯಿತು. ಕಾಲು ಭಾರವೆನಿಸತೊಡಗಿತು. ಆಸ್ಪತ್ರೆಯ ತಪಾಸಣೆಯ ದಿನ ಬಂತು, ಹೋಯಿತು. ಕೈ ತುಂಬ ಕೆಲಸವಿದೆ ಎಂದು ತನಗೆ ತಾನೇ ಹೇಳಿಕೊಂಡ. ಗದರಿಸಿ ನುಂಗಿಸಲು ಈಗ ಯಾರೂ ಇರಲಿಲ್ಲ.

ಹೀಗಿರುವಾಗ ಅಯ್ಯನವರು ಅಂಗಡಿಗೆ ಬಂದರು. ಕಟಕಟೆಯ ಬುಡದಲ್ಲಿ ಮಂಡಿಯೂರಲು ಹಾಸಿರುವ ಉದ್ದನೆಯ ಮೆತ್ತೆಗಳು ಚಪ್ಪಟೆಯಾಗಿ ಹಪ್ಪಳದಂತಾಗಿವೆ, ಟೀಚರಮ್ಮನಂತೂ ಕಲ್ಲಿನ ಮೇಲೆ ಮಂಡಿಯೂರಿದ ಹಾಗಾಗುತ್ತದೆ ಎಂದು ಪ್ರತಿ ಸಲವೂ ದೂರುತ್ತಾರೆ, ಹೊಸದಾಗಿ ಮಾಡಿಕೊಡಬೇಕು ಎಂದರು. ಟೀಚರಮ್ಮ ಎಂದರೆ ನಿವೃತ್ತ ಶಿಕ್ಷಕಿ. ಊರಿನ ಅರ್ಧ ಜನರಿಗೆ ಅಕ್ಷರ ಕಲಿಸಿ, ಉಳಿದರ್ಧ ಜನರನ್ನೂ ವಿದ್ಯಾರ್ಥಿಗಳೆಂದೇ ಭಾವಿಸಿದ್ದ ದಪ್ಪನೆಯ ಹೆಂಗಸು.

ಮೇಸ್ತ್ರಿ ಒಪ್ಪಿಕೊಂಡ. ಹಳೆಯದನ್ನು ಕಿತ್ತು, ನಾರನ್ನು ಬಡಿದು ಬಡಿದು ಒತ್ತಾಗಿ ತುಂಬಿದ. ಬೆರಳು ಇಳಿಯದಷ್ಟು ಬಿಗಿ ಮಾಡಿದ. ಮೇಲೆ ಕಂದು ಬಣ್ಣದ ರೆಕ್ಸಿನ್ ಎಳೆದು, ಅಂಚಿಗೆ ಒಂದೇ ಸಮ ಮೊಳೆ ಹೊಡೆದ. ಬಟ್ಟೆಯಾದರೆ ಸವೆಯುತ್ತದೆ, ರೆಕ್ಸಿನ್ ಬಾಳಿಕೆ ಬರುತ್ತದೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಮೆತ್ತೆಗಳನ್ನು ಶನಿವಾರ ಕೂಲಿಯವನ ಕೈಯಲ್ಲಿ ಚರ್ಚಿಗೆ ಕಳಿಸಿದ. ಅವುಗಳ ಮೇಲೆ ಮಂಡಿಯೂರಿ ನೋಡುವ ಯೋಚನೆ ಅವನಿಗೆ ಬರಲೇ ಇಲ್ಲ. ನೋಡುವ ಕೆಲಸ ಯಾವತ್ತೂ ಅವನದಾಗಿರಲಿಲ್ಲ.

ಭಾನುವಾರ ಭೋಜನದ ಹೊತ್ತಿಗೆ ಅವನು ಎಂದಿನಂತೆ ಹೊರಗೆ ಹೋಗಲಿಲ್ಲ. ತನ್ನ ಕೆಲಸ ನೋಡುವ ಆಸೆ. ಮೊದಲ ಸಾಲಿನವರು ಮುಂದೆ ಹೋಗಿ ಕಟಕಟೆ ಹಿಡಿದು ಮಂಡಿಯೂರಿದರು, ಮರುಕ್ಷಣವೇ ಒಬ್ಬೊಬ್ಬರಾಗಿ ಜಾರತೊಡಗಿದರು. ಒಬ್ಬಾಕೆ ಹಿಂದಕ್ಕೆ ಜಾರಿ ಹಿಮ್ಮಡಿಯ ಮೇಲೆ ಕೂತಳು. ಬ್ಯಾಂಕಿನ ಗುಮಾಸ್ತ ಪಕ್ಕಕ್ಕೆ ಜಾರಿ ತನ್ನ ಅತ್ತೆಯನ್ನು ಗುದ್ದಿದ. ಆಕೆ ಅದನ್ನು ಬೇಕಂತಲೇ ಮಾಡಿದ್ದೆಂದು ಇಂದಿಗೂ ನಂಬಿದ್ದಾಳೆ. ಟೀಚರಮ್ಮ ಮಾತ್ರ ಮುಂದಕ್ಕೆ ಜಾರಿದರು. ಹಣೆ ಕಟಕಟೆಗೆ ಬಡಿಯಿತು, ಕೈಗೆ ಸಿಕ್ಕಿದ ಅಯ್ಯನವರ ನಿಲುವಂಗಿಯನ್ನು ಹಿಡಿದು ಜಗ್ಗಿದರು, ಅಯ್ಯನವರು ತಟ್ಟೆಯನ್ನು ತಲೆಯ ಮೇಲೆತ್ತಿ ಒಂಟಿಕಾಲಿನಲ್ಲಿ ನಿಂತರು. ರೊಟ್ಟಿ ಬೀಳಲಿಲ್ಲ, ಅದೊಂದು ದೊಡ್ಡದು. ಹಾಡುವ ಮಕ್ಕಳ ಸಾಲಿನಲ್ಲಿ ಕಿಸಕ್ಕೆಂದ ನಗು ಹಿಂದಿನ ಬೆಂಚಿನವರೆಗೂ ಹಬ್ಬಿತು. ಮೇಸ್ತ್ರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಆರಾಧನೆ ಮುಗಿದ ಮೇಲೆ ಟೀಚರಮ್ಮ ಹಣೆಯ ಮೇಲೆ ಒದ್ದೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲಿ ಅವನನ್ನು ಹಿಡಿದರು. ಬೈಗುಳಕ್ಕೆ ಸಿದ್ಧನಾಗಿಯೇ ನಿಂತಿದ್ದ. ಅವರು ಬೈಯಲಿಲ್ಲ.

"ಮೇಸ್ತ್ರೀ, ಒಂದು ಮಾತು ಕೇಳ್ತೀನಿ. ನೀನು ಅದರ ಮೇಲೆ ಒಂದ್ಸಲನಾದ್ರೂ ಮಂಡಿಯೂರಿ ನೋಡಿದ್ಯಾ?"

"ಇಲ್ಲ ಟೀಚರ್."

"ಮತ್ತೆ ಹೇಗೆ ಗೊತ್ತಾಗುತ್ತಪ್ಪಾ," ಎಂದು ಹೇಳಿ ಹೊರಟುಹೋದರು.

ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಸುತ್ತಿಗೆ, ಮೊಳೆ ಕೀಳುವ ಇಕ್ಕಳ, ಒರಟು ಉಣ್ಣೆಬಟ್ಟೆಯ ಸುರುಳಿ ಹೊತ್ತುಕೊಂಡು ಚರ್ಚಿಗೆ ಹೋದ. ಬಾಗಿಲು ತೆಗೆಯಬೇಕಾದವನು ಭಾವ. ತೆಗೆದ. ಒಬ್ಬರ ಹಿಂದೊಬ್ಬರು ಒಳಗೆ ನಡೆದರು. ಎತ್ತರದ ಕಿಟಕಿಗಳಿಂದ ಬಿಸಿಲು ಖಾಲಿ ಬೆಂಚುಗಳ ಮೇಲೆ ಬಿದ್ದಿತ್ತು, ನೆಲದಿಂದ ಫಿನಾಯಿಲ್ ವಾಸನೆ ಏಳುತ್ತಿತ್ತು. ಮೇಸ್ತ್ರಿ ಮೊಳೆ ಕಿತ್ತ, ರೆಕ್ಸಿನ್ ಸುಲಿದ, ನಾರು ಅರ್ಧ ತೆಗೆದು ಹಿಂಜಿ ಸಡಿಲ ಮಾಡಿದ, ಉಣ್ಣೆಬಟ್ಟೆ ಹೊದಿಸಿದ. ಭಾವ ದೂರದಲ್ಲಿ ಬೆಂಚು ಒರೆಸುತ್ತಿದ್ದ. ಒರೆಸಿದ ಬೆಂಚನ್ನೇ ಮತ್ತೆ ಒರೆಸುತ್ತಿದ್ದ.

ಮೊದಲ ಮೆತ್ತೆ ಮುಗಿದಾಗ ಮೇಸ್ತ್ರಿ ಅದನ್ನು ನೋಡುತ್ತಾ ನಿಂತ.

"ಮಂಡಿಯೂರು," ಎಂದ ಭಾವ, ಒರೆಸುವುದನ್ನು ನಿಲ್ಲಿಸದೆ. "ಇನ್ನೊಂದ್ಸಲ ಟೀಚರಮ್ಮನ್ನ ಎತ್ತೋ ಶಕ್ತಿ ನನಗಿಲ್ಲ."

ಬೇರೆ ದಾರಿಯಿರಲಿಲ್ಲ. ಮೇಸ್ತ್ರಿ ಕಟಕಟೆ ಹಿಡಿದು ಬಗ್ಗಿದ. ಮಂಡಿ ಮಡಿಸಲು ಸುಲಭವಾಗಿ ಬರಲಿಲ್ಲ. ಪ್ಯಾಂಟಿನ ಕಾಲು ಮೇಲೆ ಸರಿಯಿತು. ಕೆಳಗೆ ಕೂತ ಮೇಲೆ ಏದುಸಿರು ಬಂತು. ಭಾವ ಒರೆಸುವ ಬಟ್ಟೆ ಕೆಳಗಿಟ್ಟು ಹತ್ತಿರ ಬಂದ. ಹೊರಗೆ ಬಿಟ್ಟು ಬಂದ ಚಪ್ಪಲಿಯ ಪಟ್ಟಿ ಮೇಸ್ತ್ರಿಯ ಪಾದದಲ್ಲಿ ಆಳವಾದ ಗುರುತು ಉಳಿಸಿತ್ತು. ಭಾವ ಕುಕ್ಕರಗಾಲಲ್ಲಿ ಕೂತು, ಮೇಸ್ತ್ರಿಯ ಮೊಣಕಾಲಿನ ಕೆಳಗೆ ಹೆಬ್ಬೆರಳಿಂದ ಒತ್ತಿ ತೆಗೆದ. ಒತ್ತಿದ ಜಾಗ ಗುಳಿಯಾಗಿ ಹಾಗೇ ಉಳಿಯಿತು. ಮೆತ್ತೆ ಕೆಲಸದವನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಒತ್ತಿದ್ದು ಮೇಲೆ ಬರದಿದ್ದರೆ ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ.

"ಎಷ್ಟು ದಿನದಿಂದ ಹೀಗೆ?"

"ಸ್ವಲ್ಪ ದಿನ ಆಯ್ತು."

"ಮಾತ್ರೆ ತಗೋತಿದ್ದೀಯಾ?"

ಮೇಸ್ತ್ರಿ ಪ್ಯಾಂಟಿನ ಕಾಲನ್ನು ಕೆಳಗೆಳೆದುಕೊಂಡ.

"ತಗೋತಿದ್ದೀಯಾ ಅಂದೆ."

"ಬೆಳಿಗ್ಗೇದು ತಗೋತೀನಿ. ಕೆಲವು ದಿನ."

ಭಾವ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಬೀಗದ ಕೈ ಗೊಂಚಲು ಕಲ್ಲಿಗೆ ತಾಗಿ ಸದ್ದಾಯಿತು. ಆಮೇಲೆ ದನಿಯೆತ್ತದೆ, ಬೆಂಚಿಗೆ ಹೇಳುವವನ ಹಾಗೆ ಹೇಳಿದ.

"ಅವಳ ಸೀರೆಗಳನ್ನ ಅವಳ ಸ್ನೇಹಿತೆಯರಿಗೆ ಕೊಟ್ಟೆ. ಕನ್ನಡಕ, ಚಪ್ಪಲಿ ಪೆಟ್ಟಿಗೇಲಿಟ್ಟೆ. ಅವೆಲ್ಲ ಸಾಮಾನು. ಜೀವ ಇರೋದು ಅಂತ ಅವಳದ್ದು ಈ ಭೂಮಿ ಮೇಲೆ ಉಳಿದಿರೋದು ಒಂದೇ ಒಂದು. ಅದು ನಿನ್ನ ಹತ್ರ ಇದೆ. ಅದನ್ನ ನೀನು ಕೊಲ್ತಾ ಇದ್ದೀಯ."

ಇಷ್ಟು ದಿನ ಮೇಸ್ತ್ರಿ ಅದನ್ನು ಅಕ್ಕನಿಂದ ಕಳೆದದ್ದು ಎಂದೇ ನೋಡಿದ್ದ. ಅಕ್ಕನದಾಗಿ ಉಳಿದದ್ದು ಎಂದು ಒಂದು ದಿನವೂ ನೋಡಿರಲಿಲ್ಲ.

"ನೀವು ನನ್ನ ಮೇಲೆ ಸಿಟ್ಟಾಗಿದ್ದೀರಿ ಅಂದ್ಕೊಂಡಿದ್ದೆ," ಎಂದ.

"ಈಗ ಆಗಿದ್ದೀನಿ. ಏಳು."

ಉಳಿದ ಮೆತ್ತೆಗಳನ್ನು ಬಿಚ್ಚಿದ ಹೊಟ್ಟೆಯಲ್ಲೇ ಬಿಟ್ಟು ಇಬ್ಬರೂ ಹೊರಟರು. ಆಸ್ಪತ್ರೆಯಲ್ಲಿ ಡಾಕ್ಟರು ಯುವತಿ, ಆದರೆ ಬೈಗುಳದಲ್ಲಿ ಅಕ್ಕನ ಸಮಕ್ಕೆ ನಿಲ್ಲುವಂಥವಳು. ರಕ್ತ ತೆಗೆಸಿದಳು, ಸೂಜಿ ಚುಚ್ಚಿ ಅಕ್ಕನ ಮೂತ್ರಪಿಂಡದ ಚೂರು ತೆಗೆದು ನೋಡಿದಳು, ಮೈ ಅದನ್ನು ಹೊರಗಿನದೆಂದು ಹೊಡೆಯುತ್ತಿದೆ ಎಂದಳು. ಸತ್ತಿಲ್ಲ. ಬಲವಾದ ಔಷಧಿ ಕೊಟ್ಟು ನೋಡಬೇಕು, ಉಳಿದರೆ ಉಳಿಯಿತು.

ವಾರ್ಡಿನಲ್ಲಿ ಅವನಿಗೆ ಕಿಟಕಿಯ ಪಕ್ಕದ ಮಂಚ ಸಿಕ್ಕಿತು. ಎಡಗೈಗೆ ನಳಿಗೆ ಸಿಕ್ಕಿಸಿ ಬಾಟಲಿ ನೇತುಹಾಕಿದರು. ಅಲ್ಲಿ ಅವನು ಮಾಡಬಹುದಾದ ಕೆಲಸ ಯಾವುದೂ ಇರಲಿಲ್ಲ. ಹಾಸಿಗೆ ಒಂದು ಕಡೆ ಕುಸಿದಿತ್ತು, ಅದನ್ನು ಬಿಚ್ಚಿ ಸರಿಮಾಡಲು ಕೈ ತುರಿಸಿತು, ಅದಕ್ಕೂ ಉಪಾಯವಿಲ್ಲ. ನರ್ಸು ಮೈ ಒರೆಸಿದಳು. ಪಕ್ಕದ ಮಂಚದ ಮುದುಕನ ಸೊಸೆ ಕಿತ್ತಳೆ ಸುಲಿದು ಅರ್ಧ ಭಾಗ ಇವನ ಕೈಯಲ್ಲಿಟ್ಟಳು. ನಾಳೆ ಎರಡು ಕಿತ್ತಳೆ ತಂದುಕೊಡುವುದು ಹೇಗೆ ಎಂದು ಯೋಚಿಸಿದ, ಆಗದೆಂದು ತಿಳಿದು ತಿಂದ. ಸೋಮಾರಿಯ ಹಾಗೆ ಬಿದ್ದುಕೊಂಡು ಎಲ್ಲರಿಂದಲೂ ಮಾಡಿಸಿಕೊಳ್ಳುವುದು ಅವನಿಗೆ ಕಾಯಿಲೆಗಿಂತ ಕಷ್ಟವಾಗಿತ್ತು. ಪ್ರತಿ ಮಾತ್ರೆಯನ್ನೂ ನರ್ಸು ನಿಂತು ನುಂಗಿಸಬೇಕಾಯಿತು. ನುಂಗುವಾಗ ಅವನ ಮುಖ ಅಪರಾಧಿಯದಾಗಿತ್ತು.

ರಕ್ತದ ವರದಿ ಸ್ವಲ್ಪ ಸುಧಾರಿಸಿದೆ ಎಂದು ಡಾಕ್ಟರು ಹೇಳಿದ ದಿನ ಸಂಜೆಯ ಹೊತ್ತಿಗೆ ಭಾವ ಬಂದ. ಸ್ಟೂಲು ಎಳೆದುಕೊಂಡು ಕೂತ. ಚರ್ಚಿನ ಕೊಳಾಯಿ ಮತ್ತೆ ಸೋರುತ್ತಿದೆ ಎಂದ. ಟೀಚರಮ್ಮನ ಹಣೆಯ ಬಾವು ಇಳಿದಿದೆ ಎಂದ. ಅಲ್ಲಿಗೆ ಮಾತು ಮುಗಿಯಬೇಕಿತ್ತು, ಮುಗಿಯಲಿಲ್ಲ. ಬೀಗದ ಕೈಗಳನ್ನು ಒಂದೊಂದಾಗಿ ತಿರುವುತ್ತಾ ಕೂತಿದ್ದ.

"ಅಂಗಡಿ ಕಡೆ ನಾನು ಬರ್ತಿರ್ಲಿಲ್ಲವಲ್ಲ," ಎಂದ.

"ಹೌದು."

"ಸಿಟ್ಟಿಗಲ್ಲ. ಬಂದ್ರೆ ಒಂದು ಮಾತು ಕೇಳಿಬಿಡ್ತೀನೇನೋ ಅಂತ ನಾಚಿಕೆ. ಗಂಡಸು ಗಂಡಸನ್ನ ಕೇಳೋ ಮಾತಲ್ಲ."

"ಕೇಳಿ."

ಭಾವ ಬಾಗಿಲ ಕಡೆ ನೋಡಿದ, ಪಕ್ಕದ ಮಂಚದ ಕಡೆ ನೋಡಿದ. ಮುದುಕ ನಿದ್ದೆಯಲ್ಲಿದ್ದ.

"ಒಂದ್ಸಲ ಮುಟ್ಟಿ ನೋಡ್ಲಾ?"

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಲಗೈಯಿಂದ ಅಂಗಿ ಎತ್ತಿದ. ಹೊಟ್ಟೆಯ ಕೆಳಗೆ ಬಲಮಗ್ಗುಲಲ್ಲಿ, ಹಳೆಯ ಹೊಲಿಗೆಯ ಗೆರೆಯ ಪಕ್ಕದಲ್ಲಿ, ಚರ್ಮ ಸ್ವಲ್ಪ ಉಬ್ಬಿತ್ತು. ಭಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಿಧಾನವಾಗಿ ಅದರ ಮೇಲಿಟ್ಟ. ಬೀಗ ತೆಗೆದು ತೆಗೆದು ಒರಟಾದ ಕೈ. ಒತ್ತಲಿಲ್ಲ, ಸುಮ್ಮನೆ ಇಟ್ಟುಕೊಂಡ.

"ಬೆಚ್ಚಗಿದೆ," ಎಂದ.

ಆಮೇಲೆ ಅತ್ತ. ಸಮಾಧಿಯ ದಿನವೂ ಅಳದ ಮನುಷ್ಯ, ಕೈ ತೆಗೆಯದೆ, ಸದ್ದಿಲ್ಲದೆ, ಮೂಗು ಸೋರುವಷ್ಟು ಅತ್ತ. ಮೇಸ್ತ್ರಿ ಅಂಗಿ ಎತ್ತಿಹಿಡಿದುಕೊಂಡೇ ಮಲಗಿದ್ದ. ಅವನೂ ಅತ್ತ. ತಾನು ಸಾಲದ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದುದರ ಮೇಲೆ ಒಬ್ಬ ಮನುಷ್ಯ ಕೈಯಿಟ್ಟು ಹೀಗೆ ಅಳಬಹುದು ಎಂಬುದು ಅವನ ಎಣಿಕೆಯಲ್ಲೇ ಇರಲಿಲ್ಲ. ಅದನ್ನು ಅಕ್ಕ ಕೊಟ್ಟಿದ್ದಳು. ಕೊಟ್ಟಾಗಿತ್ತು. ಅವನು ಬದುಕಿದರೆ ಅದು ಬೆಚ್ಚಗಿರುತ್ತದೆ, ಇಲ್ಲದಿದ್ದರೆ ಇಲ್ಲ. ಇದಕ್ಕಿಂತ ಹೆಚ್ಚಿನದನ್ನು ಅವನಿಂದ ಯಾರೂ ಕೇಳುತ್ತಿರಲಿಲ್ಲ, ಅಕ್ಕನಂತೂ ಕೇಳಿರಲೇ ಇಲ್ಲ.

ಅಯ್ಯನವರು ವಾರ್ಡಿನ ಬಾಗಿಲಿಗೆ ಬಂದದ್ದನ್ನು ಇಬ್ಬರೂ ನೋಡಲಿಲ್ಲ. ಕಾಯಿಲೆಯವರಿಗೆಂದು ರೊಟ್ಟಿ ಮತ್ತು ದ್ರಾಕ್ಷಾರಸ ಒಯ್ಯುವ ಚಿಕ್ಕ ಪೆಟ್ಟಿಗೆ ಅವರ ಕೈಯಲ್ಲಿತ್ತು. ಮೊನ್ನೆಯೂ ತಂದಿದ್ದರು. ಬೇಡ ಅಯ್ಯನವರೇ, ನನಗೆ ಯೋಗ್ಯತೆ ಇಲ್ಲ ಎಂದು ಮೇಸ್ತ್ರಿ ಗೋಡೆಯ ಕಡೆ ತಿರುಗಿದ್ದ. ಈಗ ಅವರು ಆ ಕೈಯನ್ನು, ಎತ್ತಿದ ಅಂಗಿಯನ್ನು ನೋಡಿ, ಕರೆಯದೆ ಅಲ್ಲೇ ಕಾದರು. ಭಾವ ಮೂಗು ಒರೆಸಿಕೊಂಡ ಮೇಲೆ ಒಳಗೆ ಬಂದರು.

"ಅವತ್ತು ಪ್ರಸಂಗದಲ್ಲಿ ನಿನ್ನನ್ನ ಸಾಕ್ಷಿ ಅಂದಿದ್ದೆ," ಎಂದರು. "ಎಲ್ಲರ ಮುಂದೆ ಹಾಗನ್ನಬಾರದಿತ್ತು. ಆಮೇಲೆ ಹೊಳೀತು."

"ಇರಲಿ ಬಿಡಿ," ಎಂದ ಮೇಸ್ತ್ರಿ.

"ಪೆಟ್ಟಿಗೆ ತಂದಿದ್ದೀನಿ. ಬೇಡ ಅಂದ್ರೆ ಸುಮ್ನೆ ಪ್ರಾರ್ಥನೆ ಮಾಡಿ ಹೋಗ್ತೀನಿ."

ಮೇಸ್ತ್ರಿ ಎದ್ದು ಕೂರಲು ನೋಡಿದ. ನಳಿಗೆ ಎಳೆಯಿತು. ಮಂಡಿಯೂರುವುದಂತೂ ದೂರದ ಮಾತು.

"ಮಲಗಿರು," ಎಂದರು ಅಯ್ಯನವರು. ಪೆಟ್ಟಿಗೆ ತೆರೆದು, ಮಾತ್ರೆ ಡಬ್ಬಿಗಳನ್ನು ಬದಿಗೆ ಸರಿಸಿ, ಮಂಚದ ಪಕ್ಕದ ಮೇಜಿನ ಮೇಲೆ ಬಿಳಿಯ ಕರವಸ್ತ್ರ ಹಾಸಿದರು. ರೊಟ್ಟಿ ಮುರಿದರು. ಮೊದಲು ಭಾವನಿಗೆ ಕೊಟ್ಟರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ಅದೇ ಹಳೆಯ ಮಾತು ಹೇಳಿದರು, ಇದು ನಿನಗೋಸ್ಕರ ಕೊಟ್ಟದ್ದು ಎಂದು. ತಿವಿಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಮಲಗಿದಲ್ಲಿಂದಲೇ ಬಲಗೈ ಚಾಚಿ ಅಂಗೈ ಬಿಚ್ಚಿದ. ತುಣುಕು ಒಣಗಿತ್ತು, ನುಂಗಲು ಹೊತ್ತು ಹಿಡಿಯಿತು. ದ್ರಾಕ್ಷಾರಸವನ್ನು ಅಯ್ಯನವರು ಚಮಚದಲ್ಲಿ ಕುಡಿಸಿದರು.

ಅವರು ಕರವಸ್ತ್ರ ಮಡಿಸುತ್ತಿರುವಾಗ ನರ್ಸು ಸಂಜೆಯ ಮಾತ್ರೆಗಳನ್ನು ಹಿಡಿದು ಬಂದಳು. ಈ ಮಂಚದವನ ಜೊತೆ ದಿನಾ ಹೆಣಗಿ ಅವಳಿಗೂ ಸಾಕಾಗಿತ್ತು.

"ಖಾಲಿ ಹೊಟ್ಟೇಲಿ ಇದನ್ನ ಕೊಡೋ ಹಾಗಿಲ್ಲ," ಎಂದಳು. "ಏನಾದ್ರೂ ತಿಂದ್ರಾ?"

"ತಿಂದೆ," ಎಂದ ಮೇಸ್ತ್ರಿ, ಮತ್ತೆ ಅಂಗೈ ಚಾಚಿದ.